ಭದ್ರಾವತಿ ಪಟ್ಟು

ಕರಕ್ — ಮತ್ತೊಂದು ಕಾಳು, ನೆನೆದು ಹೆಬ್ಬೆರಳಿನ ಗಾತ್ರಕ್ಕೆ ಉಬ್ಬಿದ ಕಡಲೆಕಾಳು, ಶಶಿಧರನ ದವಡೆಯಲ್ಲಿ ಮುರಿದ ಸದ್ದು, ಟೇಪ್‌ರೆಕಾರ್ಡರು ಸವಳಂಗ ರಸ್ತೆಯ ಆ ತುದಿಗೂ ಕೇಳುವ ಹಾಗೆ ಅರಚಿಕೊಳ್ಳುತ್ತಿದ್ದರೂ ಈ ಸದ್ದು ಮಾತ್ರ ನೆಟ್ಟಗೆ ಪ್ರಸನ್ನಕುಮಾರನ ಕಿವಿಗೇ ಬಂದು ಬೀಳುತ್ತದೆ, ಫಿರಂಗಿ ಹಾರಿಸಿದ ಹಾಗೆ, ಮೇಲೆ ತಗಡಿನ ಸೂರು, ಸೂರಿನ ಕೊಂಡಿಗೆ ಆಯುಧಪೂಜೆಯ ದಿನ ಕಟ್ಟಿದ ಚೆಂಡುಹೂವಿನ ಹಾರ, ಬಾಡಿ ಜೋತಿದೆ, ಈಗ ಒಂದು ಎಸಳು ಉದುರಿದರೆ ಮುಗಿಯಿತು, ಒಂದೇ ಒಂದು ಎಸಳು, ಎದೆ ಮೇಲಿನ ಭಾರಕ್ಕೆ ಅದೂ ಸೇರಿಕೊಂಡರೆ ಭದ್ರಾವತಿಯ ಭೀಮ, ಮಾಚೇನಹಳ್ಳಿಯ ಹುಲಿ, ಈ ಜಿಮ್ಮಿನ ಮಕ್ಕಳೆಲ್ಲ ಗುರುಗಳೇ ಗುರುಗಳೇ ಅಂತ ಕಾಲಿಗೆ ಬೀಳುವ ಪ್ರಸನ್ನಕುಮಾರ ಬೆಂಚಿಗೆ ಹಪ್ಪಳದ ಹಾಗೆ ಅಂಟಿಕೊಂಡುಬಿಡುತ್ತಾನೆ — ರಾಡನ್ನು ಇಳಿಸಿಕೊಂಡವನು ಅವನೇ, ಬೇರೆ ಯಾರೂ ಅಲ್ಲ, ನಿಧಾನಕ್ಕೆ, ಗತ್ತಿನಿಂದ, ಪಕ್ಕದ ಕನ್ನಡಿಯಲ್ಲಿ ತನ್ನ ತೋಳನ್ನು ತಾನೇ ನೋಡಿ ಮೆಚ್ಚುತ್ತ ಇಳಿಸಿಕೊಂಡ, ಎದೆಗೆ ತಾಗಿತು, ಇನ್ನು ಎತ್ತಬೇಕು ಅಂದರೆ ಅದು ಏಳಲಿಲ್ಲ, ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಅಲ್ಲೇ ಕೂತುಬಿಟ್ಟಿತು, ಹೊಟ್ಟೆ ಕಡೆಗೆ ಉರುಳಿಸೋಣ ಅಂದರೆ ಕೊರಳಿನ ಲಿಂಗದ ಕರಡಿಗೆ ರಾಡಿನ ಕೆಳಗೇ ಸಿಕ್ಕಿಕೊಂಡು ಎದೆಯ ಮೂಳೆಗೆ ಬೆಳ್ಳಿಯ ಅಂಚು ಒತ್ತುತ್ತಿದೆ, ಓರೆ ಮಾಡಿ ಪ್ಲೇಟು ಬೀಳಿಸೋಣ ಅಂದರೆ ಎರಡೂ ತುದಿಗೆ ಲಾಕು, ಬಿಗಿದವನೂ ಅವನೇ, ಹಲ್ಲು ಕಚ್ಚಿ ಬಿಗಿದಿದ್ದ, ಅಜ್ಜಿ ಕರಿಬಸಮ್ಮ ಈ ಕರಡಿಗೆ ಮಾಡಿಸಿ ಕೊರಳಿಗೆ ಹಾಕುವಾಗ ಇದು ನಿನ್ನ ಕಾಯುತ್ತೆ ಕಣಪ್ಪ ಅಂದಿದ್ದಳು, ಕಾಯುತ್ತಿದೆ ಅಜ್ಜಿ, ರಾಡಿಗೂ ಎದೆಗೂ ನಡುವೆ ಎರಡು ಬೆರಳಿನ ಜಾಗ ಉಳಿಸಿದೆ, ಆ ಸಂದಿಯಲ್ಲೇ ಉಸಿರು ಕಳ್ಳನ ಹಾಗೆ ಬಂದು ಹೋಗುತ್ತಿದೆ.

ಕೂಗಿದರೆ ಆಯಿತಲ್ಲ, ಶಶಿಧರಾ ಎತ್ತೋ ಅಂತ, ಅಷ್ಟೇ ತಾನೇ, ಹತ್ತು ಹೆಜ್ಜೆ ಆಚೆ ಮೂಲೆಯಲ್ಲಿ ಗೋಣಿಚೀಲ ಹೊದಿಸಿದ ಯಾವುದೋ ಎತ್ತರದ ಮೇಲೆ ಕೂತಿದ್ದಾನೆ, ತೊಡೆ ಮೇಲೆ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಕಾಳು, ಕನ್ನಡಿಯಲ್ಲಿ ಪೂರ್ತಿ ಕಾಣುತ್ತಾನೆ, ಇವನೂ ಅವನಿಗೆ ಪೂರ್ತಿ ಕಾಣುತ್ತಾನೆ, ಬೇರೆ ಯಾರೂ ಇಲ್ಲ, ಕೆಳಗೆ ಯಾರದೋ ಹೊಸ ಬೈಕು ಬಂತು ಅಂತ ಜಿಮ್ಮಿನ ಯಜಮಾನ ತ್ರಿವಿಕ್ರಮನ ಸಮೇತ ಎಲ್ಲರೂ ಮೆಟ್ಟಿಲು ಮುರಿಯುವ ಹಾಗೆ ಇಳಿದು ಹೋದರು, ಸಾರ್ ನಿಮಗೆ ಕೈ ಹಾಕೋಕೆ ಒಬ್ಬರು ಇರ್ಲಾ ಅಂತ ತ್ರಿವಿಕ್ರಮ ಕೇಳಿದ್ದ, ಕೈ ಹಾಕೋದಾ, ನಂಗಾ, ಹೋಗೋ ಮಾರಾಯ, ನಾನು ಭದ್ರಾವತಿ ಗರಡೀಲಿ ಕಲ್ಲುಗುಂಡು ಎತ್ತುವಾಗ ನೀನು ಚಡ್ಡಿಗೆ ದಾರ ಹುಡುಕ್ತಿದ್ದೆ ಅಂದಿದ್ದ, ಎಲ್ಲರೂ ನಕ್ಕರು, ಶಶಿಧರನೂ ನಕ್ಕ, ಬಾಯಿ ಮುಚ್ಚಿಕೊಂಡು ನಕ್ಕ — ಕೂಗಬೇಕು, ಆದರೆ ಕೂಗಿದ ಮೇಲೆ, ಆಮೇಲೆ ಏನು, ಶಿವಮೊಗ್ಗದಿಂದ ಭದ್ರಾವತಿವರೆಗಿನ ಬಸ್ಸಿನವರಿಗೆಲ್ಲ ಗೊತ್ತಾಗುತ್ತದೆ, ಕಂಡಕ್ಟರುಗಳು ಟಿಕೆಟ್ಟಿನ ಜೊತೆ ಸುದ್ದಿ ಹರಿದು ಕೊಡುತ್ತಾರೆ, ಅದೂ ಅಲ್ಲದೆ ಕೂಗಿದರೂ ಈ ಶಶಿಧರ ಏಳುತ್ತಾನೋ ಇಲ್ಲವೋ, ಯಾಕೆಂದರೆ ಹೋದ ತಿಂಗಳು ಒಂದು ಸಲ ಇದೇ ಬೆಂಚಿನ ಮೇಲೆ ರಾಡು ಎದೆಗೆ ತಾಗಿ ಎರಡು ಕ್ಷಣ ನಿಂತಾಗ ಈ ಶಶಿಧರನೇ ಓಡಿ ಬಂದು ಕೈ ಹಾಕಿಬಿಟ್ಟಿದ್ದ, ಮುಟ್ಟಬೇಡ ಹಂದಿ ಅಂತ ಹೇಗೆ ಗದರಿದ್ದ ಪ್ರಸನ್ನಕುಮಾರ, ಇದು ಭದ್ರಾವತಿ ಪಟ್ಟು, ಎದೆ ಮೇಲೆ ಹಿಡಿದು ನಿಲ್ಲಿಸೋದು, ಮೈಯೆಲ್ಲ ಕಬ್ಬಿಣ ಆಗೋವರೆಗೆ ನಿಲ್ಲಿಸಬೇಕು, ಮಧ್ಯದಲ್ಲಿ ಮುಟ್ಟಿದರೆ ನರ ಸೆಳೆದು ಮನುಷ್ಯ ಹೆಣ ಆಗ್ತಾನೆ ಗೊತ್ತಾ, ಇಡೀ ಜಿಮ್ಮು ಬಾಯಿ ಬಿಟ್ಟುಕೊಂಡು ಕೇಳಿತ್ತು, ಮಾರನೇ ದಿನ ಇಬ್ಬರು ಭದ್ರಾವತಿ ಪಟ್ಟು ಹಾಕಲು ಹೋಗಿ ಪಕ್ಕೆ ಹಿಡಿಸಿಕೊಂಡಿದ್ದರು, ಆ ಪಟ್ಟು ಹುಟ್ಟಿದ್ದು ಆ ಕ್ಷಣದಲ್ಲಿ, ಅವನ ನಾಲಿಗೆಯ ತುದಿಯಲ್ಲಿ, ಭದ್ರಾವತಿಗೆ ಅದರ ಸುದ್ದಿಯೇ ಗೊತ್ತಿಲ್ಲ, ಈಗ ಶಶಿಧರ ಕನ್ನಡಿಯಲ್ಲಿ ನೋಡುತ್ತಾನೆ, ತಲೆ ಆಡಿಸುತ್ತಾನೆ, ಭೇಷ್ ಗುರುಗಳೇ ಅನ್ನುವ ಹಾಗೆ, ಎರಡು ಬೆರಳಲ್ಲಿ ಕಾಳೊಂದನ್ನು ಹಿಡಿದು ಸಿಪ್ಪೆ ಸುಲಿಯುತ್ತಾನೆ, ಕರಕ್.

ಎಲ್ಲಾ ಆ ಗ್ಯಾಸ್ ಸಿಲಿಂಡರಿನಿಂದ, ಅದು ಬರದಿದ್ದರೆ ಪ್ರಸನ್ನಕುಮಾರ ಇಲ್ಲಿಗೆ ಬರುತ್ತಲೇ ಇರಲಿಲ್ಲ, ತಂದವನು ಮೆಟ್ಟಿಲ ಬುಡದಲ್ಲೇ ಇಳಿಸಿ ಹೋಗಿದ್ದ, ಪ್ರಸನ್ನಕುಮಾರ ಬಗ್ಗಿದ, ಎತ್ತಿದ, ಒಂದು ಗೇಣು ಎತ್ತಿದ, ಇಳಿಸಿದ, ಮತ್ತೆ ಎತ್ತಿದ, ಆಗ ಹೆಂಡತಿ ಉಮಾಮಹೇಶ್ವರಿ ಸೆರಗು ಸಿಕ್ಕಿಸಿಕೊಂಡು ಬಂದು ಸ್ವಲ್ಪ ಪಕ್ಕಕ್ಕೆ ಸರೀರಿ ಅಂದಳು, ಸಿಲಿಂಡರನ್ನು ನೀರಿನ ಕೊಡದ ಹಾಗೆ ಸೊಂಟಕ್ಕೇರಿಸಿ ಹನ್ನೆರಡು ಮೆಟ್ಟಿಲು ಹತ್ತಿಹೋದಳು, ಉಸಿರು ಕೂಡ ಬಿಡಲಿಲ್ಲ ಹೆಂಗಸು, ಜಗಲಿಯಲ್ಲಿ ಕೂತಿದ್ದ ಮಾವ ಶಿವಮೂರ್ತಪ್ಪನವರು ಪೇಪರು ಕೆಳಗಿಳಿಸಿ ಏನ್ ಅಳಿಯಂದ್ರೇ ಬೆನ್ನು ಹಿಡೀತಾ, ಮಗೂಗೆ ಹಚ್ಚಿದ ಎಣ್ಣೆ ಒಂಚೂರು ಮಿಕ್ಕಿದೆ ನೋಡಿ, ಹಚ್ಚಿಸ್ಕೊಳ್ಳಿ ಅಂದರು — ಅವರ ಫೌಂಡ್ರಿಯಲ್ಲೇ ಕೆಲಸ, ಅವರ ಮನೆಯಲ್ಲೇ ಊಟ, ನಗಲೇಬೇಕು, ನಕ್ಕ, ಆ ನಗು ಇವತ್ತಿಗೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ, ಮೀನು ತಿಂದವನಲ್ಲ ಅವನು, ಆದರೂ ಹಾಗೆಯೇ, ಆಮೇಲೆ ಆರು ತಿಂಗಳು ಸ್ಕೂಟರಿನಲ್ಲಿ ಈ ಜಿಮ್ಮಿನ ಮುಂದೆ ಗಸ್ತು ತಿರುಗಿದ, ಸ್ಕೂಟರಿಗೇ ದಾರಿ ಬಾಯಿಪಾಠ ಆಗಿತ್ತು, ಮೆಟ್ಟಿಲವರೆಗೆ ಹೋಗೋದು, ಮೇಲಿನಿಂದ ಕಬ್ಬಿಣ ಬಿದ್ದ ಸದ್ದು, ಯಾರೋ ನಕ್ಕ ಸದ್ದು, ತನ್ನನ್ನೇ ನೋಡಿ ನಕ್ಕರು, ಗೋಡೆಯ ಆಚೆಯಿಂದ ಹೇಗೆ ನೋಡಿದರೋ, ನೋಡಿದರು ಅಷ್ಟೇ, ಅಂಗೈ ನೀರಾಗಿ ವಾಪಸ್ಸು, ಒಳಗೆ ಹೋದರೆ ಎಲ್ಲಿ ನಿಲ್ಲಬೇಕು, ಯಾವುದನ್ನು ಮೊದಲು ಮುಟ್ಟಬೇಕು, ತಪ್ಪಾಗಿ ಹಿಡಿದರೆ, ಎತ್ತಲಾಗದಿದ್ದರೆ, ಆ ಕನ್ನಡಿಗಳು, ನಾಲ್ಕು ಗೋಡೆಗೂ ಕನ್ನಡಿ ಹಾಕಿಸಿದ ಆ ತ್ರಿವಿಕ್ರಮನ ವಂಶ ನಾಶವಾಗ, ಒಬ್ಬ ಸೋತರೆ ನಾಲ್ವರು ಸೋತ ಹಾಗೆ ಕಾಣುತ್ತದೆ — ಹುಲಿಗೆ ಭಯವೇ ಅಂತ ಯಾರಾದರೂ ಕೇಳಿದರೆ, ಆ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಎಲ್ಲ ಭಯವನ್ನೂ ಒಬ್ಬನೇ ಹೊತ್ತು ತಿರುಗುತ್ತಿದ್ದ, ಅದಾದರೂ ಭಾರ ಎತ್ತಿದ್ದಲ್ಲವೇ.

ಆಗ ಬಂತು ಆರ್ಡರು, ತ್ರಿವಿಕ್ರಮನೇ ಮಾಚೇನಹಳ್ಳಿಯ ಫೌಂಡ್ರಿಗೆ ಬಂದ, ಹಳೇ ಪ್ಲೇಟುಗಳು ತುಕ್ಕು ಹಿಡಿದಿವೆ ಸಾರ್, ಇಪ್ಪತ್ತು ಕೇಜಿಯವು ಹೊಸದಾಗಿ ಎರಕ ಹೊಯ್ದು ಕೊಡಿ, ಆ ಕ್ಷಣದಲ್ಲಿ ಪ್ರಸನ್ನಕುಮಾರನ ತಲೆಯೊಳಗೆ ಮಿಂಚು ಹೊಡೆದದ್ದಲ್ಲ, ಜೋಗದ ಕರೆಂಟೇ ಹರಿದದ್ದು, ಅಚ್ಚಿನ ಮರಳು ಒತ್ತುವವರನ್ನೆಲ್ಲ ಊಟಕ್ಕೆ ಕಳಿಸಿ ನಾಲ್ಕು ಅಚ್ಚಿನ ಹೊಟ್ಟೆಯಲ್ಲಿ ಮರಳಿನದೇ ಒಂದೊಂದು ದಪ್ಪ ಬಳೆ ಕೂರಿಸಿದ, ಮೇಲೆ ಕಾದ ಕಬ್ಬಿಣ ಬಂತು, ಬಳೆಯನ್ನು ನುಂಗಿಕೊಂಡು ಆರಿತು, ಹೊರಗೆ ಉಬ್ಬಕ್ಷರದಲ್ಲಿ ಇಪ್ಪತ್ತು, ಒಳಗೆ ಅರ್ಧಕ್ಕರ್ಧ ಮರಳು, ಬಳೆಗೆ ಆಸರೆ ಕೊಟ್ಟಿದ್ದ ಕಡೆ ಅಂಚಿನಲ್ಲಿ ಉಳಿದ ತೂತಿಗೆ ಪುಟ್ಟಿ ತುಂಬಿ ಅದರ ಮೇಲೆ ಕೆಂಪು ಪೇಂಟಿನ ಒಂದೊಂದು ಚುಕ್ಕೆ, ಸಾಸಿವೆ ಕಾಳಿನಷ್ಟು, ತನಗೆ ಮಾತ್ರ ಕಾಣುವಷ್ಟು — ಭಯಕ್ಕೆ ಔಷಧಿ ಕಂಡುಹಿಡಿದ ಮೊದಲ ಮನುಷ್ಯ ಅವನೇ ಇರಬೇಕು, ಪ್ಲೇಟುಗಳು ಮೇಲೆ ಹೋದ ದಿನವೇ ತಾನೂ ಮೇಲೆ ಹೋದ, ಕೆಂಪು ಚುಕ್ಕೆಯ ಎರಡು ಪ್ಲೇಟು ಆಯ್ದು ರಾಡಿಗೆ ಸಿಕ್ಕಿಸಿದ, ಮಲಗಿದ, ಎತ್ತಿದ, ಅಬ್ಬಾ, ತ್ರಿವಿಕ್ರಮನ ಹುಬ್ಬು ನೆತ್ತಿಗೆ ಹೋಯಿತು, ಸಾರ್ ಎಲ್ಲಿ ಕಲಿತ್ರಿ ಇದನ್ನ, ಭದ್ರಾವತಿ, ಉಸ್ತಾದ್ ಭೂತಪ್ಪನವರ ಗರಡಿ, ಹದಿನೈದು ವರ್ಷ, ಬಾಯಿಂದ ಬಂದೇಬಿಟ್ಟಿತು, ಅಂಗೈ ಒಣಗಿತು, ಕನ್ನಡಿಗಳೆಲ್ಲ ಒಮ್ಮೆಲೇ ನೆಂಟರಾದವು, ದಿನ ಕಳೆದ ಹಾಗೆ ಮರಳಿನ ಬಳೆಯೂ ಮರೆತುಹೋಯಿತು, ಚುಕ್ಕೆ ಹುಡುಕುವ ಕಣ್ಣು ಬೇರೆ, ಎತ್ತುವ ತೋಳು ಬೇರೆ, ಒಂದರ ಗುಟ್ಟು ಇನ್ನೊಂದಕ್ಕೆ ಗೊತ್ತಿಲ್ಲದ ಹಾಗೆ, ಮನೆಯಲ್ಲಿ ಉಮಾಮಹೇಶ್ವರಿಯ ಮುಂದೆ ಅಂಗಿ ತೋಳು ಮಡಚಿ ನಿಂತರೆ ಅವಳು ನೋಡಿ, ಸಿಲಿಂಡರು ನಾಳೆ ಬರುತ್ತಂತೆ ಕಣ್ರೀ ಅಂದಳು, ಅಷ್ಟೇ ಅಂದದ್ದು, ಮಾರನೇ ದಿನ ಅವನಿಗೆ ಭದ್ರಾವತಿಯಲ್ಲಿ ಅರ್ಜೆಂಟು ಕೆಲಸ ಬಂತು.

ಕರಕ್, ಉಸಿರು ಸಣ್ಣದಾಗುತ್ತಿದೆ, ರಾಡು ಇನ್ನೊಂದು ನೂಲು ಇಳಿಯಿತೇ, ಕರಡಿಗೆಯ ಅಂಚು ಚರ್ಮ ಕೊರೆಯಿತೇ, ಬೆರಳು ಮರಗಟ್ಟುತ್ತಿವೆ, ಹೊಸ ಪೇಂಟಿನ ವಾಸನೆ ಮೂಗಿನೊಳಗೆ, ಎಂಥಾ ವಾಸನೆ, ಮತ್ತೆ ಕಾಳಿನ ಹಸಿ ವಾಸನೆ, ಆ ಕಾಳನ್ನು ತಿನ್ನು ಅಂದವನೂ ಪ್ರಸನ್ನಕುಮಾರನೇ — ಶಶಿಧರ ಕುಂಸಿಯವನು, ಇಲ್ಲಿ ಬೀಜ ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುತ್ತಾನೆ, ಮೊದಲ ದಿನ ಬಾಗಿಲಲ್ಲಿ ನಿಂತಿದ್ದ, ಒಳಗೂ ಬರದೆ ಹೊರಗೂ ಹೋಗದೆ, ತುಂಬುತೋಳಿನ ಅಂಗಿ, ಅಂಗೈಯನ್ನು ಪ್ಯಾಂಟಿಗೆ ಒರೆಸುತ್ತ, ಒರೆಸುತ್ತ, ಆ ಒರೆಸುವಿಕೆ ನೋಡಿದ್ದೇ ಪ್ರಸನ್ನಕುಮಾರನಿಗೆ ಮೈ ಉರಿದುಹೋಯಿತು, ಕನ್ನಡಿಯೊಳಗಿಂದ ತಾನೇ ಎದ್ದು ಬಂದು ಬಾಗಿಲಲ್ಲಿ ನಿಂತ ಹಾಗೆ, ಏ ಯೂರಿಯಾ ಅಂತ ಕರೆದ, ಆ ಹೆಸರು ಹತ್ತೇ ನಿಮಿಷದಲ್ಲಿ ಊರಿಗೆಲ್ಲ ಹರಡಿತು, ಬಾ ಒಳಗೆ, ಅಂಗಿ ತೆಗಿ, ನಾಚಿಕೆ ಯಾಕೋ, ತೆಗೆದ, ಎದೆ ಜೋತಿತ್ತು, ಅಯ್ಯೋ ಹಾಲು ಕರೆಯೋ ಹೊತ್ತಾಯ್ತು ಚೊಂಬು ತರ್ರೋ ಅಂದ ಪ್ರಸನ್ನಕುಮಾರ, ನಕ್ಕರು ಎಲ್ಲ, ಕನ್ನಡಿಗಳು ಕೂಡ ನಕ್ಕವು, ಡಂಬೆಲ್ಸ್ ಬೇಕಾ, ಕೊಡ್ತೀನಿ, ಮೊದಲು ಹೇಳು, ನಂಗೇನೂ ಬರಲ್ಲ, ಕಲಿಸಿ ಗುರುಗಳೇ, ಹೇಳು, ಶಶಿಧರ ಹೇಳಿದ, ಕೇಳಿಸಲಿಲ್ಲ, ಏನು, ಜೋರಾಗಿ, ಮತ್ತೆ ಹೇಳಿದ, ಇನ್ನೂ ಜೋರಾಗಿ, ಕೆಳಗಿನ ಅಂಗಡಿಯವರಿಗೆ ಕೇಳಬೇಕು, ನಂಗೇನೂ ಬರಲ್ಲ ಕಲಿಸೀ ಅಂತ ಕಿರುಚಿದ, ಕೊರಳಿನ ನರ ಉಬ್ಬಿತ್ತು, ಕಣ್ಣು ಕೆಂಪಾಗಿತ್ತು, ಆದರೆ ಅತ್ತಿರಲಿಲ್ಲ, ಹಾಳಾದವನು ಅಳಲಿಲ್ಲ, ಆಮೇಲೆ ಡಂಬೆಲ್ಸ್ ಕೊಡದೆ, ಇವತ್ತು ಇಷ್ಟು ಸಾಕು ನಾಳೆ ಬಾ ಅಂತ ಕಳಿಸಿದ, ನಾಳೆ ಬಂದ, ನಾಡಿದ್ದೂ ಬಂದ, ದಿನಾ ಬಂದ, ಕಾಳು ನೆನೆಸಿ ತಿನ್ನಬೇಕಾ ಗುರುಗಳೇ ಅಂತ ಕೇಳಿದ, ತಿನ್ನು, ಆದರೆ ಒಂದೊಂದೇ ಕಾಳು, ಅಗಿದು ಹಾಲು ಮಾಡಿ ನುಂಗು, ಡಬ್ಬಿ ಖಾಲಿ ಆಗೋವರೆಗೆ ಕೂತ ಜಾಗದಿಂದ ಏಳಬಾರದು, ಯಾರು ಸತ್ತರೂ ಏಳಬಾರದು, ಎದ್ದೆಯೋ ತಿಂದದ್ದೆಲ್ಲ ನೀರು, ಹೌದಾ ಗುರುಗಳೇ ಅಂದ, ಅಂದಿನಿಂದ ದಿನಾ ಆ ಮೂಲೆ, ಆ ಡಬ್ಬಿ, ಅದು ಏನು ನಂಬಿಕೆಯೋ, ಎತ್ತಿನ ಹಾಗೆ ಮೆಲುಕು ಹಾಕುತ್ತ, ಅವನಿಗೆ ನಿಜವಾಗಿ ನಂಬಿಕೆ ಇತ್ತೇ.

ನಂಗೇನೂ ಬರಲ್ಲ ಕಲಿಸಿ ಅನ್ನುವ ಆ ಮಾತು ಪ್ರಸನ್ನಕುಮಾರನ ಸ್ವಂತದ್ದಲ್ಲ, ಭೂತಪ್ಪನದು — ಭದ್ರಾವತಿಯ ಹಳೇ ಓಣಿ, ತಗ್ಗು ಬಾಗಿಲು, ಎಂಥ ಶೂರನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು, ಒಳಗೆ ಕೆಂಪು ಮಣ್ಣಿನ ಅಖಾಡ, ಎಣ್ಣೆ ಅರಿಶಿನ ಬೆವರು ಬೆರೆತ ವಾಸನೆ, ಪ್ರಸನ್ನನಿಗೆ ಹತ್ತು ವರ್ಷ, ಕಾರ್ಖಾನೆ ಶಿಫ್ಟು ಮುಗಿಸಿ ಅಪ್ಪ ಕೈ ಹಿಡಿದು ತಂದು ಬಿಟ್ಟಿದ್ದರು, ಉಸ್ತಾದ್ ಭೂತಪ್ಪ ಆನೆಯಲ್ಲ, ಆನೆ ಅವನ ಮುಂದೆ ಇಲಿ, ಮಣ್ಣು ಮುಟ್ಟಿ ಹಣೆಗೆ ಹಚ್ಕೋ ಅಂದ, ಹಚ್ಚಿಕೊಂಡ, ಈಗ ಹೇಳು, ನಂಗೇನೂ ಬರಲ್ಲ ಉಸ್ತಾದ್, ಕಲಿಸಿ ಅಂತ, ಇಲ್ಲಿಗೆ ಬಂದವರೆಲ್ಲ ಮೊದಲು ಹೇಳೋದು ಅದನ್ನೇ ಮಗಾ, ನಾನೂ ನಮ್ಮ ಉಸ್ತಾದರಿಗೆ ಹೇಳಿದ್ದೆ, ಹೇಳಿದರೆ ಭಯ ಮಣ್ಣಿಗೆ ಹೋಗುತ್ತೆ, ನಿಂತಿದ್ದವರು ಕಾದರು, ಯಾರೂ ನಗಲಿಲ್ಲ, ನಿಜವಾಗಿ ಯಾರೂ ನಕ್ಕಿರಲಿಲ್ಲ, ತನಗೆ ತಾನೇ ಹೇಳಿಕೊಳ್ಳುವಾಗ ನಕ್ಕರು ಅಂತ ಸೇರಿಸಿಕೊಂಡದ್ದು ಆಮೇಲೆ, ಬಾಯಿ ತೆರೆದ, ನಂಗೆ ಅಂದ, ಅಲ್ಲಿಂದ ಮುಂದೆ ಬರಲಿಲ್ಲ, ಅಂಗೈ ಚಡ್ಡಿಗೆ ಒರೆಸಿದ, ನಂಗೆ ಬರುತ್ತೆ ಅಂತ ಕೂಗಿ ತಗ್ಗು ಬಾಗಿಲಿನಿಂದ ಓಡಿದ, ಓಡುವಾಗ ತಲೆ ಬಗ್ಗಿಸುವುದು ಮರೆತು ಹಣೆ ಒಡೆದುಕೊಂಡ, ಹದಿನೈದು ವರ್ಷದ ಗರಡಿ ಸಾಧನೆ ಅದೇ, ಹದಿನೈದು ನಿಮಿಷ ಕೂಡ ಅಲ್ಲ, ಆ ಗಾಯದ ಕಲೆ ಇನ್ನೂ ಇದೆ, ಜಿಮ್ಮಿನಲ್ಲಿ ಅದನ್ನು ತೋರಿಸಿ ದಾವಣಗೆರೆಯ ಪೈಲ್ವಾನನ ಜೊತೆ ಕುಸ್ತಿಯಲ್ಲಿ ಆದದ್ದು ಅಂತ ಹೇಳಿದ್ದಾನೆ, ಶಶಿಧರ ಆ ಕಲೆಯನ್ನು ಹತ್ತಿರದಿಂದ ನೋಡಿ, ಬಾಗಿಲು ತಾಗಿದ ಹಾಗಿದೆ ಗುರುಗಳೇ ಅಂದಿದ್ದ, ಎಷ್ಟು ಮುಗ್ಧವಾಗಿ ಅಂದಿದ್ದ.

ಎತ್ತು, ಇನ್ನೊಂದು ಸಲ ಎತ್ತಿ ನೋಡು, ಹೂಂ, ತೋಳು ನಡುಗಿತು, ಬೆಂಚು ನಡುಗಿತು, ಭದ್ರಾ ನದಿಯೇ ನಡುಗಿರಬೇಕು, ರಾಡು ಕೂದಲೆಳೆಯಷ್ಟು ಎದ್ದು ಮತ್ತೆ ಕರಡಿಗೆಯ ಮೇಲೆ ಕೂತಿತು, ಕಣ್ಣಿಗೆ ಕತ್ತಲೆ, ಯಾಕೆ ಇಷ್ಟು ಭಾರ, ಯಾಕೆ, ಪೇಂಟು, ಆ ಪೇಂಟು — ಇವತ್ತು ಬೆಳಿಗ್ಗೆ, ಹಬ್ಬ ಕಳೆದು ಮೊದಲ ಸಲ ಬಂದಾಗ ಜಿಮ್ಮು ಮದುವೆಮನೆಯ ಹಾಗಿತ್ತು, ಬಾಗಿಲಲ್ಲಿ ಒಡೆದ ಬೂದುಗುಂಬಳ, ಪ್ರತಿ ಪ್ಲೇಟಿಗೂ ವಿಭೂತಿ ಮೂರು ಗೆರೆ, ನಡುವೆ ಕುಂಕುಮ, ಎಲ್ಲವೂ ಒಂದೇ ಕಪ್ಪು, ಮಿರಮಿರ, ಅಂಚೆಲ್ಲಿ, ಚುಕ್ಕೆಯೆಲ್ಲಿ, ಒಂದೊಂದನ್ನೂ ತಿರುಗಿಸಿ ನೋಡಿದ, ಆಯುಧಪೂಜೆಗೆ ಪೇಂಟ್ ಹೊಡೆಸಿದ್ದು ಸಾರ್, ಹೆಂಗಿದೆ ಅಂದ ತ್ರಿವಿಕ್ರಮ, ನಮ್ಮ ಯೂರಿಯಾ ಒಬ್ಬನೇ ಕೂತು ಹೊಡೆದ, ಎರಡೆರಡು ಕೋಟು, ರಜೆ ಹಾಕಿ ಹೊಡೆದ, ಶಶಿಧರ ಕೈ ಮುಗಿದ, ಒಂದೊಂದನ್ನೂ ಎತ್ತಿ ಎತ್ತಿ ಇಟ್ಟು ಬಳಿದೆ ಗುರುಗಳೇ ಅಂದ, ಉಗುರಿನಿಂದ ತಟ್ಟಿದ್ದರೆ ಸಾಕಿತ್ತು, ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಅನ್ನುತ್ತದೆ, ಮರಳು ತುಂಬಿದ್ದು ಕುಂಬಳಕಾಯಿಯ ಹಾಗೆ, ತಟ್ಟಲು ಬೆರಳು ಮಡಚಿಯೂ ಆಗಿತ್ತು, ಎಲ್ಲರೂ ನೋಡುತ್ತಿದ್ದರು, ಹಬ್ಬದ ಮೊದಲ ಲೋಡು ಗುರುಗಳದೇ ಆಗ್ಲಿ ಅಂತ ಶಶಿಧರನೇ ಎರಡು ಪ್ಲೇಟು ಎತ್ತಿ ತಂದ, ಒಂದೊಂದು ಕೈಯಲ್ಲಿ ಒಂದೊಂದು, ಹಾಲಿನ ಕ್ಯಾನು ತಂದ ಹಾಗೆ ಸಲೀಸಾಗಿ ತಂದ, ಅಷ್ಟು ಸಲೀಸಾಗಿ ತಂದದ್ದರಿಂದಲೇ ಇವು ಮರಳಿನವೇ ಅಂದುಕೊಂಡ ಪ್ರಸನ್ನಕುಮಾರ, ಯೂರಿಯಾ ಕೈಗೆ ಇಪ್ಪತ್ತು ಕೇಜಿ ಎಲ್ಲಿ ಏಳಬೇಕು ಅಂದುಕೊಂಡ, ಅವನ ತೋಳನ್ನು ನೋಡಲಿಲ್ಲ, ಎಷ್ಟು ತಿಂಗಳಾಗಿತ್ತು ಅವನ ತೋಳನ್ನು ನೋಡಿ, ಈಗ ಕನ್ನಡಿಯಲ್ಲಿ ಕಾಣುತ್ತಿದೆ, ತೋಳಿಲ್ಲದ ಬನಿಯನ್ನು, ಕಾಳು ಬಾಯಿಗೆ ಹೋಗುವಾಗಲೆಲ್ಲ ಚರ್ಮದ ಕೆಳಗೆ ಏನೋ ಹೆಗ್ಗಣದ ಹಾಗೆ ಓಡುತ್ತದೆ.

ಶಶಿಧರ ಕಾಲು ಬದಲಿಸಿ ಕೂರುತ್ತಾನೆ, ಗೋಣಿಚೀಲ ಜಾರುತ್ತದೆ, ಅವನು ಕೂತ ಪೀಠ ಕಾಣುತ್ತದೆ, ನಾಲ್ಕು ಪ್ಲೇಟು ಒಂದರ ಮೇಲೊಂದು, ಪೇಂಟು ಇಲ್ಲ, ವಿಭೂತಿ ಇಲ್ಲ, ಅಂಚಿನಲ್ಲಿ ಕೆಂಪು ಚುಕ್ಕೆ, ಚುಕ್ಕೆ, ಚುಕ್ಕೆ, ಚುಕ್ಕೆ, ಅವನು ಬೆರಳು ಮಡಚಿ ಕೆಳಗಿನದನ್ನು ತಟ್ಟುತ್ತಾನೆ, ಟೇಪ್‌ರೆಕಾರ್ಡರಿನ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ, ಕೇಳಿಸಬೇಕಾಗಿಯೂ ಇಲ್ಲ, ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸೇರಿತು, ಅಲ್ಲಿ ಕೋಪ ಇಲ್ಲ, ನಗು ಇಲ್ಲ, ಬಿಲ್ ಬರೆಯುವವನ ಕಣ್ಣು, ಗಿರಾಕಿ ಏನು ಕೇಳುತ್ತಾನೋ ಅಂತ ಕಾಯುವ ಕಣ್ಣು, ಕಾಯುತ್ತಿದ್ದಾನೆ, ಏನಕ್ಕೆ ಕಾಯುತ್ತಿದ್ದಾನೆ ಅಂತ ಪ್ರಸನ್ನಕುಮಾರನಿಗೆ ಗೊತ್ತು, ತಗ್ಗು ಬಾಗಿಲು ಬಂತು, ಕೆಂಪು ಮಣ್ಣು ಬಂತು, ಹೇಳು ಮಗಾ, ಕೆಳಗೆ ಹೊಸ ಬೈಕು ಗುರ್ ಅಂತ ಹೊರಟಿತು, ಎಲ್ಲರೂ ಹೋ ಅಂದರು, ಅವರು ಮೇಲೆ ಬರುವಷ್ಟರಲ್ಲಿ, ಬರುವಷ್ಟರಲ್ಲಿ ಏನು, ಉಮಾಮಹೇಶ್ವರಿ ಇದ್ದಿದ್ದರೆ ಸ್ವಲ್ಪ ಪಕ್ಕಕ್ಕೆ ಸರೀರಿ ಅಂತ ಎತ್ತಿಬಿಡುತ್ತಿದ್ದಳು, ನಂಗೆ, ಅಂದ, ತುಟಿ ಮಾತ್ರ ಆಡಿತು, ನಂಗೇನೂ, ಎರಡು ಬೆರಳಿನ ಸಂದಿಯಲ್ಲಿ ಉಳಿದಿದ್ದ ಉಸಿರನ್ನೆಲ್ಲ ಗುಡಿಸಿ ತಂದು, ನಂಗೇನೂ ಬರಲ್ಲ, ಕಲಿಸಿ — ಬಂತು, ಇಪ್ಪತ್ತೈದು ವರ್ಷ ತಡವಾಗಿ ಬಂತು, ಮತ್ತೆ ಇದೇನಿದು, ಭಯ ಎಲ್ಲಿ, ಹುಡುಕಿದರೂ ಇಲ್ಲ, ಬಸ್ ಕಂಡಕ್ಟರುಗಳು ಇಲ್ಲ, ಮಾವನ ಪೇಪರು ಇಲ್ಲ, ನಾಲ್ಕು ಕನ್ನಡಿಯಲ್ಲೂ ಬರಿಯ ಒಬ್ಬ ಮನುಷ್ಯ ಬರಿಯ ಒಂದು ರಾಡಿನ ಕೆಳಗೆ, ಎಷ್ಟು ಸುಲಭ ಇತ್ತು, ಥೂ, ಭೂತಪ್ಪ ಹೇಳಿದ್ದು ನಿಜ, ಭಯ ಹೋಯಿತು, ಹೋಗಿದ್ದು ಅದೊಂದೇ, ಭಾರ ಇಲ್ಲೇ ಇದೆ.

ಶಶಿಧರ ಕಿವಿಗೆ ಅಂಗೈ ಹಿಡಿದು ಮುಂದಕ್ಕೆ ಬಾಗಿದ, ಏನು ಗುರುಗಳೇ, ಜೋರಾಗಿ, ಡಬ್ಬಿ ಖಾಲಿ ಆಗಿಲ್ಲ ನೋಡಿ, ಏಳೋ ಹಾಗಿಲ್ಲ, ಡಬ್ಬಿಯನ್ನು ಓರೆ ಮಾಡಿ ಕನ್ನಡಿಗೆ ತೋರಿಸಿದ, ತಳದಲ್ಲಿ ನೀರು, ನೀರಿನಲ್ಲಿ ಕಾಳು, ಇನ್ನೂ ಇವೆ, ಎರಡು ಬೆರಳು ಒಳಗಿಳಿದವು, ಒಂದನ್ನು ಹಿಡಿದು ಮೇಲೆ ಬಂದವು, ಒದ್ದೆ, ಹೊಳೆಯುತ್ತಿದೆ, ಉಬ್ಬಿದೆ, ಹೆಬ್ಬೆರಳು ಸಿಪ್ಪೆಯನ್ನು ನಿಧಾನವಾಗಿ ಒಂದು ಕಡೆಯಿಂದ ಸರಿಸುತ್ತದೆ, ಜಾರಿದ ಸಿಪ್ಪೆ ಬೆರಳಿಗೆ ಅಂಟಿಕೊಂಡಿದೆ, ಒಳಗಿನ ಹಳದಿ, ಹಲ್ಲಿನ ಹತ್ತಿರ, ಹಲ್ಲಿನ ನಡುವೆ, ಕಾಳು